ವೈರಾಣು ಸೋಂಕಿನಲ್ಲಿ ಶ್ವಾಸಕೋಶವನ್ನು ಹಾಳುಗೆಡಹುವುದು ವೈರಾಣುವೇ, ನಮ್ಮದೇ ರಕ್ಷಣಾ ವ್ಯವಸ್ಥೆಯೇ?

ಹಾಸನದ ಜೀವಶಾಸ್ತ್ರ ಉಪನ್ಯಾಸಕಿ:

ಎಲ್ಲರಿಗೂ ನಮಸ್ಕಾರ. ರೋಗನಿರೋಧಕ ವ್ಯವಸ್ಥೆಯ ಪಾಠ ಮುಗಿದ ಮೇಲೆ ನನ್ನ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಯೊಂದನ್ನು ಇಲ್ಲಿನ ವೈದ್ಯರ ಮತ್ತು ಸಂಶೋಧಕರ ಮುಂದಿಡುತ್ತಿದ್ದೇನೆ. ದೇಹದ ರಕ್ಷಣಾ ವ್ಯವಸ್ಥೆ ವೈರಾಣುವನ್ನು ಸೋಲಿಸಲೆಂದೇ ಇರುವುದಾದರೆ, ಕೋವಿಡ್ ಕಾಲದಲ್ಲಿ ಮೊದಲ ವಾರ ಜ್ವರ, ಮೈಕೈನೋವಿನಲ್ಲಿ ಹೇಗೋ ದಿನ ಕಳೆದವರು, ಇನ್ನೇನು ಚೇತರಿಸಿಕೊಂಡರು ಎನ್ನುವಷ್ಟರಲ್ಲಿ, ಎಂಟನೆಯ ಅಥವಾ ಹತ್ತನೆಯ ದಿನ ಏಕಾಏಕಿ ಉಸಿರಾಟದ ತೊಂದರೆಗೆ ಸಿಲುಕಿದ್ದೇಕೆ?

ನಾನು ಓದಿ ತಿಳಿದಿರುವ ಒಂದು ಸಂಗತಿಯನ್ನು ಮೊದಲೇ ಹೇಳುತ್ತೇನೆ. 2003ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಕೋವಿಡ್‌ನ ಸೋದರ ಕಾಯಿಲೆಯಾದ ಸಾರ್ಸ್ ಹರಡಿದಾಗ ವೈರಾಣುತಜ್ಞ ಮಲಿಕ್ ಪೀರಿಸ್ ಮತ್ತು ಅವರ ಸಹೋದ್ಯೋಗಿಗಳು 75 ರೋಗಿಗಳನ್ನು ಮೂರು ವಾರಗಳ ಕಾಲ ಹಿಂಬಾಲಿಸಿ, ಮೂಗು ಮತ್ತು ಗಂಟಲಿನಿಂದ ತೆಗೆದ ಮಾದರಿಗಳಲ್ಲಿ ವೈರಾಣುವಿನ ಪ್ರಮಾಣವನ್ನು ಅಳೆದರು. ಅದು ಹತ್ತನೆಯ ದಿನದ ಹೊತ್ತಿಗೆ ಶಿಖರ ಮುಟ್ಟಿ ಅನಂತರ ಇಳಿಯತೊಡಗಿತು. ಆದರೆ ಹಲವರ ಶ್ವಾಸಕೋಶದ ಸ್ಥಿತಿ ಹದಗೆಟ್ಟದ್ದು ವೈರಾಣು ಇಳಿಮುಖವಾಗಿದ್ದ ಆ ದಿನಗಳಲ್ಲಿಯೇ. ಹಾಗಾದರೆ ಹಾನಿಗೆ ದೇಹದ ಪ್ರತಿಕ್ರಿಯೆಯೂ ಕಾರಣವಾಗಿರಬೇಕೆಂದು ಅವರು ಅಂದೇ ಸೂಚಿಸಿದ್ದರು. ಮೊದಲ ಹಂತ ವೈರಾಣುವಿನದು, ಎರಡನೆಯ ಹಂತ ದೇಹದ್ದು ಎಂದು ನಾನು ತರಗತಿಯಲ್ಲಿ ವಿವರಿಸುತ್ತೇನೆ. ಈ ವಿವರಣೆ ಎಷ್ಟು ದೂರ ನಿಲ್ಲುತ್ತದೆ ಎಂಬುದನ್ನು ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಮಂಗಳೂರಿನ ಶ್ವಾಸಕೋಶ ತಜ್ಞ:

ಮೇಡಂ, ಈ ಪ್ರಶ್ನೆಗೆ ಉತ್ತರಿಸುವ ಮೊದಲು ಹಾನಿ ಎಲ್ಲಿ ಆಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು; ಏಕೆಂದರೆ ರಕ್ಷಣಾ ವ್ಯವಸ್ಥೆ ಕೆರಳಿದಾಗ ಆಗುವ ಉರಿಯೂತ ಚರ್ಮದಲ್ಲೋ ಸ್ನಾಯುವಿನಲ್ಲೋ ಆಗಿದ್ದರೆ ಬಾವು, ನೋವು ಇಷ್ಟರಲ್ಲೇ ಮುಗಿಯುತ್ತಿತ್ತು. ನಮ್ಮ ಶ್ವಾಸಕೋಶಗಳಲ್ಲಿ ಮೂವತ್ತು ಕೋಟಿಗೂ ಹೆಚ್ಚು ಗಾಳಿಗೂಡುಗಳಿವೆ. ಒಂದು ಗೂಡಿನ ಒಳಗಿನ ಗಾಳಿಗೂ ಅದನ್ನು ಸುತ್ತುವರಿದ ಲೋಮನಾಳದ ರಕ್ತಕ್ಕೂ ನಡುವೆ ಇರುವ ಗೋಡೆ ಬಹಳ ಕಡೆ ಒಂದು ಮೈಕ್ರಾನಿಗಿಂತಲೂ ತೆಳ್ಳಗಿರುತ್ತದೆ. ಆಮ್ಲಜನಕ ಸಲೀಸಾಗಿ ದಾಟಲೆಂದು ಇಷ್ಟು ತೆಳ್ಳಗಾಗಿರುವ ಈ ಗೋಡೆ, ಅದೇ ಕಾರಣದಿಂದ ಸ್ವಲ್ಪ ಸೋರಿದರೂ ಗೂಡು ನೀರಿನಿಂದ ತುಂಬುತ್ತದೆ.

ಗೋಡೆಯಲ್ಲಿ ಎರಡು ಬಗೆಯ ಜೀವಕೋಶಗಳಿವೆ. ಹಾಳೆಯಂತೆ ಹರಡಿಕೊಂಡ ಮೊದಲನೆಯ ಬಗೆಯವು ಮೇಲ್ಮೈಯ ನೂರಕ್ಕೆ 95ರಷ್ಟನ್ನು ಮುಚ್ಚುತ್ತವೆ. ಎರಡನೆಯ ಬಗೆಯವು ಗೂಡು ಮುದುಡಿಕೊಳ್ಳದಂತೆ ತಡೆಯುವ ಸರ್ಫ್ಯಾಕ್ಟಂಟ್ ಎಂಬ ಜಿಡ್ಡನ್ನು ಸ್ರವಿಸುತ್ತವೆ. ಮೊದಲನೆಯ ಬಗೆಯವು ಸತ್ತಾಗ ಈ ಎರಡನೆಯ ಬಗೆಯವೇ ವಿಭಜಿಸಿ ಆ ಜಾಗವನ್ನು ತುಂಬುತ್ತವೆ. ಸಾರ್ಸ್ ಮತ್ತು ಕೋವಿಡ್ ವೈರಾಣುಗಳು ಹಿಡಿದುಕೊಳ್ಳುವ ಎಸಿಇ-2 ಎಂಬ ಪ್ರೋಟೀನು ಈ ಎರಡನೆಯ ಬಗೆಯ ಕೋಶಗಳ ಮೇಲೆಯೇ ಇರುವುದು ದುರದೃಷ್ಟ. ದುರಸ್ತಿ ಮಾಡಬೇಕಾದ ಕೋಶಗಳಿಗೇ ಮೊದಲ ಪೆಟ್ಟು ಬೀಳುತ್ತದೆ.

ಸೋಂಕಿತ ಕೋಶಗಳೂ ಗೂಡಿನಲ್ಲಿ ಕಾವಲಿರುವ ಮ್ಯಾಕ್ರೊಫೇಜ್‌ಗಳೂ ಸೈಟೋಕೈನ್‌ಗಳೆಂಬ ರಾಸಾಯನಿಕ ಸಂದೇಶಗಳನ್ನು ಹೊರಬಿಟ್ಟಾಗ ಲೋಮನಾಳದ ಒಳಗೋಡೆಯ ಕೋಶಗಳು ಒಂದರಿಂದ ಒಂದು ಸರಿದು ದಾರಿ ಬಿಡುತ್ತವೆ. ರಕ್ತದಿಂದ ನ್ಯೂಟ್ರೋಫಿಲ್‌ಗಳೆಂಬ ಬಿಳಿ ರಕ್ತಕಣಗಳೂ ಹೊಸ ಮ್ಯಾಕ್ರೊಫೇಜ್‌ಗಳೂ ನುಗ್ಗಿ ಬರುತ್ತವೆ. ನ್ಯೂಟ್ರೋಫಿಲ್‌ಗಳ ಬಳಿ ಇರುವ ಅಸ್ತ್ರಗಳು, ಅಂದರೆ ಪ್ರೋಟೀನ್ ಕತ್ತರಿಸುವ ಕಿಣ್ವಗಳು, ಆಮ್ಲಜನಕದ ಉಗ್ರ ಅಣುಗಳು ಮತ್ತು ತಮ್ಮ ಡಿಎನ್‌ಎಯನ್ನೇ ಬಿಚ್ಚಿ ಹರಡುವ ಜಾಲಗಳು, ಸೋಂಕಿತ ಕೋಶ ಯಾವುದು, ಆರೋಗ್ಯವಂತ ಕೋಶ ಯಾವುದು ಎಂದು ನೋಡುವುದಿಲ್ಲ. ಸೋರಿ ಬಂದ ಪ್ರೋಟೀನು, ಸತ್ತ ಕೋಶಗಳ ಚೂರು ಮತ್ತು ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನ್ ಎಂಬ ನಾರು ಸೇರಿ ಗೂಡಿನ ಒಳಮೈಗೆ ಗಾಜಿನಂಥ ಪೊರೆಯಾಗಿ ಅಂಟಿಕೊಳ್ಳುತ್ತವೆ. ಇತ್ತ ಆ ಗೂಡಿನ ಸುತ್ತ ರಕ್ತ ಹರಿಯುತ್ತಲೇ ಇರುತ್ತದೆ, ಆದರೆ ಆಮ್ಲಜನಕ ಪಡೆಯದೆ ಮರಳುತ್ತದೆ. ಮೂಗಿಗೆ ಎಷ್ಟೇ ಆಮ್ಲಜನಕ ಹರಿಸಿದರೂ ಸ್ಯಾಚುರೇಶನ್ ಏರದಿರುವುದಕ್ಕೆ ಇದೇ ಕಾರಣ. 1967ರಲ್ಲಿ ಆಶ್‌ಬಾ, ಪೆಟ್ಟಿ ಮತ್ತು ಸಂಗಡಿಗರು ಹನ್ನೆರಡು ರೋಗಿಗಳಲ್ಲಿ ಗುರುತಿಸಿದ ಈ ಸ್ಥಿತಿಯನ್ನೇ ನಾವು ಇಂದು ಎಆರ್‌ಡಿಎಸ್ (ತೀವ್ರ ಉಸಿರಾಟ ಸಂಕಟದ ಲಕ್ಷಣಕೂಟ) ಎನ್ನುತ್ತೇವೆ.

ನಿಮ್ಮ ಎರಡು ಹಂತಗಳ ವಿವರಣೆ ರೋಗಿಯ ಮಂಚದ ಬಳಿ ನಿಂತವರಿಗೆ ಬಹಳ ಉಪಯುಕ್ತವಾದದ್ದು. ಚಿಕಿತ್ಸೆಯ ನಿರ್ಧಾರಗಳು ನಿಂತಿರುವುದೂ ಅದರ ಮೇಲೆಯೇ.

ದಾವಣಗೆರೆಯ ಓದುಗ:

ವೈದ್ಯರೇ, ನಾನು ವೈದ್ಯಕೀಯ ಓದಿದವನಲ್ಲ, ಹೀಗಾಗಿ ನೇರವಾಗಿ ಕೇಳುತ್ತೇನೆ. ಹಾನಿ ಮಾಡುವುದು ನಮ್ಮದೇ ರಕ್ಷಣಾ ವ್ಯವಸ್ಥೆಯಾದರೆ ಅದನ್ನು ಮೊದಲ ದಿನದಿಂದಲೇ ಅಡಗಿಸಿಬಿಡಬಹುದಲ್ಲವೇ? 2021ರ ಎರಡನೆಯ ಅಲೆಯಲ್ಲಿ ನಮ್ಮ ದೊಡ್ಡಪ್ಪನವರಿಗೆ ಜ್ವರ ಬಂದ ಮರುದಿನವೇ, ಸ್ಯಾಚುರೇಶನ್ 98 ಇದ್ದಾಗಲೇ, ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಮಾತ್ರೆ ಬರೆದುಕೊಟ್ಟಿದ್ದರು. ಮೊದಲೆರಡು ದಿನ ಜ್ವರ ಮಾಯವಾಗಿ ಬಹಳ ಹುಷಾರಾದಂತೆ ಕಂಡರು. ಆಮೇಲೆ ಸಕ್ಕರೆ ಪ್ರಮಾಣ ವಿಪರೀತ ಏರಿತು, ಉಸಿರಾಟ ಕೆಟ್ಟಿತು, ಎರಡು ವಾರ ಐಸಿಯುನಲ್ಲಿ ಇರಬೇಕಾಯಿತು. ಬದುಕಿ ಬಂದರು ಎಂಬುದೇ ನಮ್ಮ ಪುಣ್ಯ. ಆ ಮಾತ್ರೆ ಒಳ್ಳೆಯದು ಮಾಡಿತೋ ಕೆಟ್ಟದ್ದು ಮಾಡಿತೋ ಎಂಬ ಪ್ರಶ್ನೆ ಮನೆಯಲ್ಲಿ ಇಂದಿಗೂ ಉಳಿದಿದೆ.

ಬೆಂಗಳೂರಿನ ಔಷಧಶಾಸ್ತ್ರ ಅಧ್ಯಾಪಕ:

ಒಬ್ಬ ವ್ಯಕ್ತಿಯ ವಿಷಯದಲ್ಲಿ, ಔಷಧ ಕೊಡದಿದ್ದರೆ ಏನಾಗುತ್ತಿತ್ತು ಎಂದು ಯಾರೂ ಹೇಳಲಾರರು. ಆದರೆ ನಿಮ್ಮ ಪ್ರಶ್ನೆಗೆ ಸಾವಿರಾರು ರೋಗಿಗಳ ಲೆಕ್ಕದಲ್ಲಿ ಉತ್ತರ ದೊರೆತಿದೆ, ಮತ್ತು ಈ ಇಡೀ ಚರ್ಚೆಯಲ್ಲಿ ಅದಕ್ಕಿಂತ ಮುಖ್ಯವಾದ ಪುರಾವೆ ಇನ್ನೊಂದಿಲ್ಲ ಎಂದು ನಾನು ಭಾವಿಸುತ್ತೇನೆ.

ಬ್ರಿಟನ್ನಿನಲ್ಲಿ ಪೀಟರ್ ಹಾರ್ಬಿ ಮತ್ತು ಮಾರ್ಟಿನ್ ಲ್ಯಾಂಡ್ರೆ ಅವರ ನೇತೃತ್ವದಲ್ಲಿ ನಡೆದ ರಿಕವರಿ ಪ್ರಯೋಗದಲ್ಲಿ, ಕೋವಿಡ್‌ನಿಂದ ಆಸ್ಪತ್ರೆ ಸೇರಿದ 2,104 ರೋಗಿಗಳಿಗೆ ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡನ್ನು ಗರಿಷ್ಠ ಹತ್ತು ದಿನಗಳವರೆಗೆ ಕೊಟ್ಟು, 4,321 ರೋಗಿಗಳಿಗೆ ಎಂದಿನ ಚಿಕಿತ್ಸೆಯನ್ನಷ್ಟೇ ಕೊಟ್ಟು, 28 ದಿನಗಳ ನಂತರ ಎರಡು ಗುಂಪುಗಳನ್ನು ಹೋಲಿಸಿದರು. ವೆಂಟಿಲೇಟರ್‌ನಲ್ಲಿದ್ದವರ ಸಾವು ಶೇಕಡಾ 41.4ರಿಂದ 29.3ಕ್ಕೆ ಇಳಿಯಿತು. ಆಮ್ಲಜನಕ ಮಾತ್ರ ಬೇಕಾಗಿದ್ದವರಲ್ಲಿ 26.2ರಿಂದ 23.3ಕ್ಕೆ ಇಳಿಯಿತು. ಆಮ್ಲಜನಕದ ಅಗತ್ಯವೇ ಇಲ್ಲದಿದ್ದವರಲ್ಲಿ ಮಾತ್ರ ಸಂಖ್ಯೆಗಳು ತಿರುಗಿ ನಿಂತವು: ಔಷಧ ಪಡೆದವರಲ್ಲಿ 17.8, ಪಡೆಯದವರಲ್ಲಿ 14.0. ಈ ಕೊನೆಯ ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದಾದಷ್ಟು ಸಣ್ಣದು, ಆದ್ದರಿಂದ ಔಷಧ ಕೊಂದಿತು ಎಂದು ಹೇಳಲಾಗದು. ಆದರೆ ಅಂಥವರಿಗೆ ಲಾಭವಿಲ್ಲ, ಹಾನಿಯ ಸಾಧ್ಯತೆಯಿದೆ ಎಂಬುದು ಸ್ಪಷ್ಟ. ಒಂದೇ ಔಷಧ, ಒಂದೇ ಪ್ರಮಾಣ, ಒಂದೇ ಕಾಯಿಲೆ. ಬದಲಾದದ್ದು ಕಾಯಿಲೆ ಎಷ್ಟು ಮುಂದುವರಿದಿದೆ ಎಂಬುದು ಮಾತ್ರ.

ಮೊದಲ ದಿನಗಳಲ್ಲಿ ಜ್ವರ ಇಳಿಯುವುದು ಮೋಸದ ನೆಮ್ಮದಿ. ವೈರಾಣು ವೃದ್ಧಿಸುತ್ತಿರುವ ಹೊತ್ತಿನಲ್ಲಿ ಅದನ್ನು ತಡೆಯಬೇಕಾದ ಸಂದೇಶಗಳನ್ನೇ ಸ್ಟೀರಾಯ್ಡ್ ಅಡಗಿಸುತ್ತದೆ. 2021ರ ಮೇ ತಿಂಗಳ ಆರಂಭದಲ್ಲಿ ದೆಹಲಿಯ ಏಮ್ಸ್ ಸಂಸ್ಥೆಯ ಅಂದಿನ ನಿರ್ದೇಶಕ ರಣದೀಪ್ ಗುಲೇರಿಯಾ ಅವರು, ಲಘು ಲಕ್ಷಣಗಳಿರುವಾಗಲೇ ಸ್ಟೀರಾಯ್ಡ್ ಆರಂಭಿಸಬೇಡಿ ಎಂದು ಬಹಿರಂಗವಾಗಿ ಎಚ್ಚರಿಸಿದ್ದರು. ಆ ವೇಳೆಗಾಗಲೇ ಮಧುಮೇಹಿಗಳಲ್ಲಿ ಕಪ್ಪು ಶಿಲೀಂಧ್ರ ಎಂದು ಜನ ಕರೆದ ಮ್ಯೂಕರ್‌ಮೈಕೋಸಿಸ್ ತಲೆಯೆತ್ತಿತ್ತು. ದೇಶದಲ್ಲಿ ಆ ವರ್ಷ ನಲವತ್ತು ಸಾವಿರಕ್ಕೂ ಹೆಚ್ಚು ಪ್ರಕರಣಗಳು ದಾಖಲಾದವು. ಏರಿದ ಸಕ್ಕರೆ ಮತ್ತು ಅಡಗಿದ ರಕ್ಷಣೆ ಎರಡೂ ಒಟ್ಟಿಗೆ ಸೇರಿದಲ್ಲಿ ಆ ಶಿಲೀಂಧ್ರಕ್ಕೆ ದಾರಿ ಸುಗಮವಾಯಿತು.

ನಮ್ಮ ಊರಿನ ಇನ್ನೊಂದು ಪ್ರಸಂಗವನ್ನೂ ಹೇಳಬೇಕು. ಬಯೋಕಾನ್ ಸಂಸ್ಥೆ ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆಂದು ಮಾರುತ್ತಿದ್ದ ಇಟೋಲಿಜುಮ್ಯಾಬ್ ಎಂಬ ಪ್ರತಿಕಾಯ ಔಷಧಕ್ಕೆ, ಕೋವಿಡ್‌ನ ತೀವ್ರ ಉರಿಯೂತದಲ್ಲಿ ಸೀಮಿತ ತುರ್ತು ಬಳಕೆಗೆಂದು 2020ರ ಜುಲೈನಲ್ಲಿ ಅನುಮತಿ ಸಿಕ್ಕಿತು. ಅದು ರಕ್ಷಣಾ ವ್ಯವಸ್ಥೆಯ ಟಿ ಜೀವಕೋಶಗಳೆಂಬ ಬಿಳಿ ರಕ್ತಕಣಗಳ ಮೇಲಿನ ಸಿಡಿ-6 ಎಂಬ ಅಣುವನ್ನು ತಡೆಯುತ್ತದೆ; ತರ್ಕವಾಗಿ ಆಕರ್ಷಕವೇ. ಆದರೆ ಅನುಮತಿಗೆ ಆಧಾರವಾದ ಪ್ರಯೋಗದಲ್ಲಿದ್ದವರು ಕೇವಲ ಮೂವತ್ತು ರೋಗಿಗಳು. ರಾಷ್ಟ್ರೀಯ ಚಿಕಿತ್ಸಾ ಮಾರ್ಗಸೂಚಿಯಲ್ಲಿ ಅದಕ್ಕೆ ಸ್ಥಾನ ದೊರೆಯಲಿಲ್ಲ. ಇಂಟರ್‌ಲ್ಯೂಕಿನ್-6 ಎಂಬ ಸೈಟೋಕೈನ್‌ನ ಸಂದೇಶವನ್ನು ತಡೆಯುವ ಟೊಸಿಲಿಜುಮ್ಯಾಬ್‌ನ ಮೊದಲ ಸಣ್ಣ ಪ್ರಯೋಗಗಳೂ ಒಂದಕ್ಕೊಂದು ತಾಳೆಯಾಗಲಿಲ್ಲ. 4,116 ರೋಗಿಗಳ ಪ್ರಯೋಗ ನಡೆದ ಮೇಲಷ್ಟೇ, ಆಮ್ಲಜನಕ ಬೇಕಿದ್ದು ರಕ್ತದಲ್ಲಿ ಉರಿಯೂತವನ್ನು ಸೂಚಿಸುವ ಸಿಆರ್‌ಪಿ ಎಂಬ ಪ್ರೋಟೀನು ಏರಿದ್ದವರಲ್ಲಿ, ಸಾವು ಶೇಕಡಾ 35ರಿಂದ 31ಕ್ಕೆ ಇಳಿಯುತ್ತದೆ ಎಂದು ತಿಳಿಯಿತು. ಉರಿಯೂತವನ್ನು ತಡೆಯುವ ಔಷಧಗಳ ವಿಷಯದಲ್ಲಿ ಚೆಂದದ ತರ್ಕವನ್ನು ಮಾತ್ರ ನಂಬಿ ನಡೆಯುವುದು ಅಪಾಯಕರ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪುಣೆಯಲ್ಲಿರುವ ವೈರಾಣು ಸಂಶೋಧಕಿ:

ಉಪನ್ಯಾಸಕಿಯವರ ಎರಡು ಹಂತಗಳ ವಿವರಣೆಯ ಬಗ್ಗೆ ನನಗೊಂದು ಗಂಭೀರ ತಕರಾರಿದೆ. ಹಾಗೆ ಹೇಳಿದಾಗ ಕೇಳುವವರಿಗೆ, ರಕ್ಷಣಾ ಶಕ್ತಿ ಜಾಸ್ತಿ ಇದ್ದವರೇ ಹೆಚ್ಚು ನರಳಿದರು ಎಂಬ ಅರ್ಥ ಬರುತ್ತದೆ. ತೀವ್ರ ಕೋವಿಡ್ ಕುರಿತು ನಡೆದ ಅಧ್ಯಯನಗಳು ಹೇಳುವುದು ಹೆಚ್ಚುಕಡಿಮೆ ಇದರ ವಿರುದ್ಧವನ್ನು: ಮೊದಲ ಕೆಲವು ಗಂಟೆಗಳಲ್ಲಿ, ಮೊದಲ ಕೆಲವು ದಿನಗಳಲ್ಲಿ ಆಗಬೇಕಾದ ಪ್ರತಿಕ್ರಿಯೆ ಸರಿಯಾಗಿ ಆಗದ ಕಾರಣಕ್ಕೇ ಕೊನೆಗೆ ಅತಿರೇಕದ ಪ್ರತಿಕ್ರಿಯೆ ಉಂಟಾಗುತ್ತದೆ.

ವೈರಾಣು ಹೊಕ್ಕ ಕೋಶ ಮೊದಲು ಬಿಡುಗಡೆ ಮಾಡುವ ಸಂದೇಶ ಇಂಟರ್‌ಫೆರಾನ್. 1957ರಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಕಂಡುಹಿಡಿದ ಈ ವಸ್ತು ನೆರೆಯ ಕೋಶಗಳನ್ನು ಎಚ್ಚರಿಸಿ, ವೈರಾಣು ತಮ್ಮೊಳಗೆ ವೃದ್ಧಿಸದಂತೆ ಅವು ಬಾಗಿಲು ಭದ್ರಪಡಿಸಿಕೊಳ್ಳುವಂತೆ ಮಾಡುತ್ತದೆ. ಕೋವಿಡ್ ವೈರಾಣುವಿನ ಹಲವು ಪ್ರೋಟೀನುಗಳು ಈ ಸಂದೇಶವನ್ನೇ ಮೊಟಕುಗೊಳಿಸುತ್ತವೆ. ಅದಕ್ಕಿಂತ ಆಶ್ಚರ್ಯದ ಸಂಗತಿ 2020ರಲ್ಲಿ ಹೊರಬಂತು: ಜ್ಯಾಂ-ಲೋರಾ ಕಸನೋವಾ ಅವರ ತಂಡ ಪ್ರಾಣಾಪಾಯದ ಸ್ಥಿತಿ ತಲುಪಿದ್ದ 987 ರೋಗಿಗಳನ್ನು ಪರೀಕ್ಷಿಸಿದಾಗ, ಅವರಲ್ಲಿ 101 ಮಂದಿಯ ರಕ್ತದಲ್ಲಿ ತಮ್ಮದೇ ಇಂಟರ್‌ಫೆರಾನನ್ನು ನಿಷ್ಕ್ರಿಯಗೊಳಿಸುವ ಪ್ರತಿಕಾಯಗಳಿದ್ದವು. ಇಂಥ ಪ್ರತಿಕಾಯಗಳು ವಯಸ್ಸಾದಂತೆ ಹೆಚ್ಚುತ್ತವೆ, ಗಂಡಸರಲ್ಲಿ ಹೆಚ್ಚು ಕಾಣುತ್ತವೆ. ವಯಸ್ಸಾದ ಗಂಡಸರೇ ಹೆಚ್ಚಾಗಿ ಸತ್ತದ್ದಕ್ಕೆ ಇದು ಒಂದು ಭಾಗಶಃ ವಿವರಣೆ.

ಮೊದಲ ಎಚ್ಚರಿಕೆ ತಡವಾದಾಗ ವೈರಾಣು ಗಂಟಲಿನಿಂದ ಗಾಳಿಗೂಡಿನವರೆಗೆ ತಡೆಯಿಲ್ಲದೆ ಇಳಿಯುತ್ತದೆ. ಆಮೇಲೆ ವ್ಯವಸ್ಥೆ ಎಚ್ಚೆತ್ತಾಗ ಎದುರಿಗಿರುವ ಶತ್ರುವಿನ ಪ್ರಮಾಣ ಅಗಾಧವಾಗಿರುತ್ತದೆ, ಪ್ರತಿಕ್ರಿಯೆಯೂ ಅಷ್ಟೇ ದೊಡ್ಡದಾಗುತ್ತದೆ. ಇಷ್ಟೂ ಅಲ್ಲದೆ, ತಡವಾಗಿ ಬಂದ ಇಂಟರ್‌ಫೆರಾನ್ ಶ್ವಾಸಕೋಶದ ಕೋಶಗಳ ವಿಭಜನೆಯನ್ನು ತಡೆದು ದುರಸ್ತಿಯನ್ನು ವಿಳಂಬಿಸುತ್ತದೆ ಎಂದು ಇಲಿಗಳ ಮೇಲಿನ ಅಧ್ಯಯನಗಳು ತೋರಿಸಿವೆ. ಆರಂಭದಲ್ಲಿ ಕಾಯುವ ವಸ್ತುವೇ ಕೊನೆಯಲ್ಲಿ ಗಾಯವನ್ನು ಮಾಯಗೊಡುವುದಿಲ್ಲ. ಮನುಷ್ಯರಲ್ಲೂ ಸಮಯದ ಮಹತ್ವ ಕಾಣಿಸಿತು. ಆಸ್ಪತ್ರೆ ಸೇರಿದವರಿಗೆ ಕೊಟ್ಟ ಇಂಟರ್‌ಫೆರಾನ್ ಸಾವನ್ನು ತಗ್ಗಿಸಲಿಲ್ಲ. ಆದರೆ 2023ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಲಕ್ಷಣ ಕಾಣಿಸಿಕೊಂಡ ಒಂದು ವಾರದೊಳಗೆ ಲ್ಯಾಂಬ್ಡಾ ಇಂಟರ್‌ಫೆರಾನಿನ ಒಂದೇ ಚುಚ್ಚುಮದ್ದು ಪಡೆದವರಲ್ಲಿ ಆಸ್ಪತ್ರೆ ಸೇರುವ ಅಥವಾ ದೀರ್ಘ ಕಾಲ ತುರ್ತು ಚಿಕಿತ್ಸೆ ಬೇಕಾಗುವ ಪ್ರಮಾಣ ಶೇಕಡಾ 5.6ರಿಂದ 2.7ಕ್ಕೆ ಇಳಿಯಿತು.

ಇನ್ನೊಂದು ಮಾತು ನಮ್ಮ ಉಪಖಂಡಕ್ಕೆ ಸಂಬಂಧಿಸಿದ್ದು. ಮೂರನೆಯ ಕ್ರೋಮೊಸೋಮಿನಲ್ಲಿ ನಿಯಾಂಡರ್ತಲ್ ಮಾನವರಿಂದ ಬಂದ ಒಂದು ತುಣುಕು ತೀವ್ರ ಕೋವಿಡ್‌ನ ಅಪಾಯವನ್ನು ಹೆಚ್ಚಿಸುತ್ತದೆ ಎಂದು ಹ್ಯೂಗೋ ಜೀಬರ್ಗ್ ಮತ್ತು ಸ್ವಾಂಟೆ ಪೇಬೊ 2020ರಲ್ಲಿ ತೋರಿಸಿದರು. ಯುರೋಪಿನಲ್ಲಿ ಇದನ್ನು ಹೊತ್ತಿರುವವರು ನೂರಕ್ಕೆ ಸುಮಾರು 16. ದಕ್ಷಿಣ ಏಷ್ಯಾದಲ್ಲಿ ಸುಮಾರು 50.

ಹುಬ್ಬಳ್ಳಿಯ ಮಕ್ಕಳ ತಜ್ಞ:

ಇಲ್ಲಿಯವರೆಗೆ ಕೋವಿಡ್ ಒಂದನ್ನೇ ಹಿಡಿದು ಮಾತು ಸಾಗಿದೆ. ದೇಹದ ಪ್ರತಿಕ್ರಿಯೆಯೇ ಶ್ವಾಸಕೋಶವನ್ನು ಕೆಡಿಸಬಲ್ಲದು ಎಂಬುದಕ್ಕೆ ವೈದ್ಯಶಾಸ್ತ್ರದ ಇತಿಹಾಸದಲ್ಲಿರುವ ಅತ್ಯಂತ ನೋವಿನ ಸಾಕ್ಷ್ಯ ಮಕ್ಕಳದು, ಮತ್ತು ಅದನ್ನು ವೈದ್ಯಕೀಯ ವಿದ್ಯಾರ್ಥಿಗಳಿಗೂ ಸಾಕಷ್ಟು ಒತ್ತಿ ಹೇಳುತ್ತಿಲ್ಲ ಎಂಬ ಕೊರಗು ನನಗಿದೆ.

ಎಳೆಯ ಕೂಸುಗಳಲ್ಲಿ ಕೆಮ್ಮು, ಉಬ್ಬಸ, ಏದುಸಿರು ತರುವ ಆರ್‌ಎಸ್‌ವಿ ಎಂಬ ವೈರಾಣುವಿಗೆ ಅಮೆರಿಕದಲ್ಲಿ 1960ರ ದಶಕದ ನಡುವಿನಲ್ಲಿ ಲಸಿಕೆಯೊಂದನ್ನು ತಯಾರಿಸಿದರು. ಪೋಲಿಯೊ ಲಸಿಕೆಯ ಯಶಸ್ಸಿನ ದಾರಿಯಲ್ಲೇ ನಡೆದು, ವೈರಾಣುವನ್ನು ಫಾರ್ಮಾಲಿನ್ ಎಂಬ ರಾಸಾಯನಿಕದಿಂದ ನಿಷ್ಕ್ರಿಯಗೊಳಿಸಿ, ಲಸಿಕೆಯ ಪರಿಣಾಮ ಹೆಚ್ಚಿಸುವ ಆಲಂ ಎಂಬ ಲವಣದ ಜೊತೆ ಸೇರಿಸಿ ಕೊಟ್ಟರು. ಮಕ್ಕಳ ರಕ್ತದಲ್ಲಿ ಪ್ರತಿಕಾಯಗಳು ಧಾರಾಳವಾಗಿ ಹುಟ್ಟಿದವು. ಕಾಗದದ ಮೇಲೆ ಎಲ್ಲವೂ ಚೆನ್ನಾಗಿತ್ತು. 1966-67ರ ಚಳಿಗಾಲದಲ್ಲಿ ನಿಜವಾದ ವೈರಾಣು ಬಂದಾಗ, ಲಸಿಕೆ ಪಡೆದು ಸೋಂಕಿತರಾದ ಕೂಸುಗಳಲ್ಲಿ ನೂರಕ್ಕೆ 80ರಷ್ಟು ಆಸ್ಪತ್ರೆ ಸೇರಬೇಕಾಯಿತು. ಈ ಲಸಿಕೆ ಪಡೆಯದೆ ಸೋಂಕಿತರಾದವರಲ್ಲಿ ಆ ಪ್ರಮಾಣ ನೂರಕ್ಕೆ 5. ಲಸಿಕೆ ಪಡೆದ ಇಬ್ಬರು ಮಕ್ಕಳು ತೀರಿಕೊಂಡರು. ಅವರ ಶ್ವಾಸಕೋಶಗಳಲ್ಲಿ ಬಿಳಿ ರಕ್ತಕಣಗಳು ಕಿಕ್ಕಿರಿದಿದ್ದವು.

ಏನಾಗಿತ್ತು ಎಂಬುದನ್ನು ಅರಿಯಲು ದಶಕಗಳೇ ಹಿಡಿದವು. ಆ ಲಸಿಕೆಯಲ್ಲಿದ್ದ ವೈರಾಣುವಿನ ಮುಖ್ಯ ಪ್ರೋಟೀನು, ಜೀವಂತ ವೈರಾಣುವಿನ ಮೇಲೆ ಕೋಶವನ್ನು ಹೊಕ್ಕುವ ಮೊದಲು ಇರುವ ತನ್ನ ಮೂಲ ಆಕಾರವನ್ನು ಉಳಿಸಿಕೊಂಡಿರಲಿಲ್ಲ. ಹೀಗಾಗಿ ಹುಟ್ಟಿದ ಪ್ರತಿಕಾಯಗಳು ವೈರಾಣುವಿಗೆ ಅಂಟಿಕೊಂಡವೇ ಹೊರತು ಅದನ್ನು ತಡೆಯಲಿಲ್ಲ. ವೈರಾಣು ಮತ್ತು ಪ್ರತಿಕಾಯ ಸೇರಿದ ಗಂಟುಗಳು ಪುಟ್ಟ ಶ್ವಾಸನಾಳಗಳಲ್ಲಿ ಕೂತು, ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ಸರಣಿಯನ್ನು ಕೆರಳಿಸಿದವು. ಮೃತ ಮಕ್ಕಳ ಶ್ವಾಸಕೋಶದ ಕಾಯ್ದಿಟ್ಟ ಚೂರುಗಳನ್ನು 2002ರ ಹೊತ್ತಿಗೆ ಮತ್ತೆ ಪರೀಕ್ಷಿಸಿದಾಗ ಅದರ ಕುರುಹು ದೊರೆಯಿತು. ಟಿ ಜೀವಕೋಶಗಳೂ ವೈರಾಣುವನ್ನು ಅಳಿಸುವ ದಿಕ್ಕು ಬಿಟ್ಟು ಅಲರ್ಜಿಯಂಥ ಪ್ರತಿಕ್ರಿಯೆಯ ದಿಕ್ಕಿಗೆ ತಿರುಗಿದ್ದವು.

2013ರಲ್ಲಿ ಬಾರ್ನಿ ಗ್ರಹಾಂ ಮತ್ತು ಜೇಸನ್ ಮೆಕ್‌ಲೆಲನ್ ಅವರಿದ್ದ ತಂಡ ಆ ಪ್ರೋಟೀನಿನ ಮೂಲ ಆಕಾರವನ್ನು ಕಂಡುಕೊಂಡು ಅದನ್ನು ಸ್ಥಿರವಾಗಿ ಹಿಡಿದಿಡುವ ದಾರಿ ತೋರಿತು. 2023ರಲ್ಲಿ ವೃದ್ಧರಿಗೂ ಗರ್ಭಿಣಿಯರಿಗೂ ಆರ್‌ಎಸ್‌ವಿ ಲಸಿಕೆ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ನಡುವೆ ಐವತ್ತಾರು ವರ್ಷಗಳು ಕಳೆದಿದ್ದವು. ಕೋವಿಡ್ ಲಸಿಕೆಗಳನ್ನು ರೂಪಿಸುವಾಗಲೂ ಇದೇ ಭಯ ಎಲ್ಲರ ಮನಸ್ಸಿನಲ್ಲಿತ್ತು. ನಮ್ಮಲ್ಲಿ ಅನೇಕರು ಪಡೆದ ಕೊವ್ಯಾಕ್ಸಿನ್ ಕೂಡ ನಿಷ್ಕ್ರಿಯಗೊಳಿಸಿದ ವೈರಾಣುವಿನದೇ. ಆದರೆ ಅದಕ್ಕೆ ಫಾರ್ಮಾಲಿನ್ ಬಳಸಲಿಲ್ಲ, ಮತ್ತು ಆಲಂ ಜೊತೆಗೆ ಟಿ ಜೀವಕೋಶಗಳನ್ನು ಸರಿಯಾದ ದಿಕ್ಕಿಗೆ ತಿರುಗಿಸುವ ಇನ್ನೊಂದು ಅಣುವನ್ನು ಸೇರಿಸಿದರು. ಆ ಆಯ್ಕೆಯ ಹಿಂದಿನ ಕಾಳಜಿ ಈ ಚರಿತ್ರೆಯನ್ನು ಅರಿತವರಿಗೆ ಅರ್ಥವಾಗುತ್ತದೆ.

ದಾವಣಗೆರೆಯ ಓದುಗ:

ಇದನ್ನು ಓದಿ ಮನಸ್ಸು ಭಾರವಾಯಿತು. ಒಂದು ಸಂಶಯ: ಇಂಥ ಪ್ರಸಂಗವನ್ನೇ ಎತ್ತಿಕೊಂಡು ಎಲ್ಲ ಲಸಿಕೆಯೂ ಅಪಾಯ ಎನ್ನುವವರಿಗೆ ಏನು ಹೇಳಬೇಕು?

ಹುಬ್ಬಳ್ಳಿಯ ಮಕ್ಕಳ ತಜ್ಞ:

ಆ ಲಸಿಕೆ ಪ್ರಯೋಗದ ಹಂತದಲ್ಲೇ ನಿಂತುಹೋಯಿತು, ಮಾರುಕಟ್ಟೆಗೆ ಬರಲೇ ಇಲ್ಲ ಎಂದು ಹೇಳಿ. ಅಂಥ ಹಾನಿ ಮತ್ತೆ ಆಗುತ್ತದೆಯೇ ಎಂದು ಅಂದಿನಿಂದ ಪ್ರಯೋಗಗಳಲ್ಲಿ ಹುಡುಕಿಯೇ ನೋಡುತ್ತಾರೆ. ಕೋವಿಡ್ ಲಸಿಕೆ ಪಡೆದ ಕೋಟ್ಯಂತರ ಜನರಲ್ಲಿ ಕಂಡದ್ದು ತೀವ್ರ ಶ್ವಾಸಕೋಶ ಹಾನಿಯ ಇಳಿಕೆ.

ಬೆಳಗಾವಿಯ ರೋಗಶಾಸ್ತ್ರಜ್ಞೆ:

ಚರ್ಚೆ ಚೆನ್ನಾಗಿ ಸಾಗುತ್ತಿದೆ, ಆದರೂ ಎಲ್ಲ ಹಾನಿಯನ್ನೂ ದೇಹದ ರಕ್ಷಣಾ ವ್ಯವಸ್ಥೆಯ ತಲೆಗೆ ಕಟ್ಟುವ ಅವಸರವನ್ನು ಸ್ವಲ್ಪ ತಡೆಯಬೇಕು. 1918ರ ಇನ್‌ಫ್ಲುಯೆಂಜಾದಲ್ಲಿ 20ರಿಂದ 40 ವಯಸ್ಸಿನ ಗಟ್ಟಿಮುಟ್ಟಾದ ಜನ ಹೆಚ್ಚಾಗಿ ಸತ್ತದ್ದನ್ನು ತೋರಿಸಿ, ಅವರ ಬಲವಾದ ರೋಗನಿರೋಧಕ ಶಕ್ತಿಯೇ ಅವರನ್ನು ಕೊಂದಿತು ಎಂದು ಹೇಳುವುದು ರೂಢಿಯಾಗಿದೆ. ಮರುಸೃಷ್ಟಿಸಿದ 1918ರ ವೈರಾಣುವನ್ನು ಮಕಾಕ್ ಕೋತಿಗಳಿಗೆ ತಗುಲಿಸಿದ 2007ರ ಪ್ರಯೋಗದಲ್ಲಿ ಅಂಥ ಅತಿರೇಕದ ಪ್ರತಿಕ್ರಿಯೆ ಕಂಡದ್ದೂ ನಿಜ. ಆದರೆ ಅಂದಿನ ಸಾವಿರಾರು ಮರಣೋತ್ತರ ವರದಿಗಳನ್ನೂ ಉಳಿದಿದ್ದ ಶ್ವಾಸಕೋಶದ ಚೂರುಗಳನ್ನೂ ಮೊರೆನ್ಸ್, ಟಾಬೆನ್‌ಬರ್ಗರ್ ಮತ್ತು ಫೌಚಿ ಅವರು 2008ರಲ್ಲಿ ಪರಿಶೀಲಿಸಿದಾಗ, ಬಹುಪಾಲು ಸಾವುಗಳಲ್ಲಿ ವೈರಾಣುವಿನ ಬೆನ್ನಿಗೇ ಬಂದ ಬ್ಯಾಕ್ಟೀರಿಯಾದ ನ್ಯುಮೋನಿಯಾ ಕಾಣಿಸಿತು. ವೈರಾಣು ಶ್ವಾಸನಾಳದ ಒಳಪದರವನ್ನು ಕಿತ್ತುಹಾಕಿದ ಮೇಲೆ ಗಂಟಲಿನಲ್ಲಿ ಸುಮ್ಮನಿದ್ದ ಬ್ಯಾಕ್ಟೀರಿಯಾಗಳು ಕೆಳಗಿಳಿಯುತ್ತವೆ. ಅಂಥಲ್ಲಿ ರಕ್ಷಣೆಯನ್ನು ಅಡಗಿಸುವುದು ತೀರಾ ಅಪಾಯಕಾರಿ. ತೀವ್ರ ಇನ್‌ಫ್ಲುಯೆಂಜಾದಲ್ಲಿ ಸ್ಟೀರಾಯ್ಡ್ ಪಡೆದವರಲ್ಲಿ ಸಾವು ಹೆಚ್ಚೆಂದು ಹಲವು ಅವಲೋಕನಗಳು ಹೇಳಿರುವುದನ್ನು ಇದರ ಜೊತೆ ಇಟ್ಟು ನೋಡಬೇಕು.

ಕೋವಿಡ್‌ನಲ್ಲಿಯೂ ಸೈಟೋಕೈನ್‌ಗಳ ಮಟ್ಟ ನಾವು ಅಂದುಕೊಂಡಷ್ಟು ಇರಲಿಲ್ಲ. ಬೇರೆ ಕಾರಣಗಳಿಂದ ಎಆರ್‌ಡಿಎಸ್ ಆದವರ ರಕ್ತದಲ್ಲಿ ಇಂಟರ್‌ಲ್ಯೂಕಿನ್-6 ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರುತ್ತದೆ ಎಂದು 2020ರಲ್ಲೇ ಹೋಲಿಕೆಗಳು ಬಂದವು. ರಕ್ತದಲ್ಲಿ ಅಳೆದದ್ದು ಶ್ವಾಸಕೋಶದೊಳಗಿನ ಕಥೆಯನ್ನು ಪೂರ್ತಿ ಹೇಳುವುದಿಲ್ಲ. ಅದಕ್ಕೇ ಮರಣೋತ್ತರ ಪರೀಕ್ಷೆ ಮುಖ್ಯ. 2020ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ವೈದ್ಯಕೀಯ ಕಾಲೇಜೊಂದರಲ್ಲಿ ನಡೆದ ಅಂಥ ಪರೀಕ್ಷೆಯಲ್ಲಿ ಶ್ವಾಸಕೋಶಗಳು ಚರ್ಮದ ಚೆಂಡಿನಂತೆ ಗಟ್ಟಿಯಾಗಿದ್ದವೆಂದು ವರದಿಯಾಗಿತ್ತು. ಸೂಕ್ಷ್ಮದರ್ಶಕದಡಿ ಇಂಥ ಶ್ವಾಸಕೋಶಗಳಲ್ಲಿ ನಾವು ನೋಡುವುದು ಪೊರೆ ಕಟ್ಟಿದ ಗೂಡುಗಳ ಜೊತೆಗೆ ಲೋಮನಾಳಗಳಲ್ಲಿ ಹೆಪ್ಪುಗಟ್ಟಿದ ರಕ್ತವನ್ನು. ಉರಿಯೂತವೂ ಹೆಪ್ಪುಗಟ್ಟುವಿಕೆಯೂ ಒಂದನ್ನೊಂದು ಕೆರಳಿಸುತ್ತವೆ. ಇದರ ಬಗ್ಗೆ ಮೇಲಿನ ಯಾರೂ ಪ್ರಸ್ತಾಪಿಸಲಿಲ್ಲವಾದ್ದರಿಂದ ನೆನಪಿಸುತ್ತಿದ್ದೇನೆ.

ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿರುವ ಕನ್ನಡಿಗ:

ರೋಗಶಾಸ್ತ್ರಜ್ಞೆಯವರ ಎಚ್ಚರಿಕೆಯನ್ನು ಒಪ್ಪುತ್ತಲೇ, ವೈರಾಣು ತಾನಾಗಿ ಕೋಶವನ್ನು ಕೊಲ್ಲದೆಯೇ ಶ್ವಾಸಕೋಶ ಮುಳುಗುವ ಒಂದು ಕಾಯಿಲೆಯನ್ನು ಇಲ್ಲಿ ಸೇರಿಸುತ್ತೇನೆ. ನಾನಿರುವ ಈ ಸೀಮೆಯಲ್ಲಿ, ನಾಲ್ಕು ರಾಜ್ಯಗಳ ಗಡಿ ಕೂಡುವ ಕಡೆ, 1993ರ ಬೇಸಿಗೆಯ ಆರಂಭದಲ್ಲಿ ಆರೋಗ್ಯವಂತ ಯುವಜನರು, ಅವರಲ್ಲಿ ಹಲವರು ನವಾಹೊ ಸಮುದಾಯದವರು, ಕೆಲವು ದಿನಗಳ ಜ್ವರದ ನಂತರ ಗಂಟೆಗಳೊಳಗೆ ಉಸಿರುಗಟ್ಟಿ ಸತ್ತರು. ಕಾರಣ ಜಿಂಕೆ ಇಲಿ ಎಂಬ ಕಾಡಿಲಿಯ ಮೂತ್ರ, ಹಿಕ್ಕೆಗಳ ಧೂಳಿನಿಂದ ಹರಡುವ ಹಂಟಾವೈರಾಣು. ಹಿಂದಿನ ತಿಂಗಳುಗಳಲ್ಲಿ ಮಳೆ ಹೆಚ್ಚಾಗಿ, ಆಹಾರ ಸಮೃದ್ಧವಾಗಿ ಇಲಿಗಳ ಸಂಖ್ಯೆ ಏರಿತ್ತು.

ಈ ವೈರಾಣು ಲೋಮನಾಳದ ಒಳಗೋಡೆಯ ಕೋಶಗಳಲ್ಲಿ ನೆಲೆಸುತ್ತದೆ, ಆದರೆ ಅವುಗಳನ್ನು ಒಡೆಯುವುದಿಲ್ಲ. ಪ್ರಯೋಗಾಲಯದಲ್ಲಿ ಸೋಂಕಿತ ಕೋಶಗಳು ಬಹುಕಾಲ ಬದುಕಿರುತ್ತವೆ. ರೋಗಿಯ ದೇಹದಲ್ಲಿ ಮಾತ್ರ, ಟಿ ಜೀವಕೋಶಗಳು ಸೋಂಕನ್ನು ಗುರುತಿಸಿ ಮುತ್ತಿದ ಹೊತ್ತಿಗೆ ನಾಳಗಳು ಸೋರತೊಡಗಿ, ಶ್ವಾಸಕೋಶ ರಕ್ತದ ದ್ರವದಿಂದಲೇ ತುಂಬುತ್ತದೆ. ಸೋಂಕಿತರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಜನ ಸಾಯುತ್ತಾರೆ. ಇಷ್ಟು ಸ್ಪಷ್ಟವಾಗಿ ದೇಹದ ಪ್ರತಿಕ್ರಿಯೆಯೇ ಕಾರಣವೆಂದು ತೋರುವ ಕಾಯಿಲೆಯಲ್ಲಿಯೂ, ಚಿಲಿ ದೇಶದಲ್ಲಿ ಇದರ ಸೋದರ ವೈರಾಣುವಿಗೆ ತುತ್ತಾದವರಿಗೆ ಭಾರಿ ಪ್ರಮಾಣದ ಸ್ಟೀರಾಯ್ಡ್ ಕೊಟ್ಟು ನೋಡಿದ ಪ್ರಯೋಗದಲ್ಲಿ ಪ್ರಯೋಜನ ಕಾಣಲಿಲ್ಲ. ಔಷಧಶಾಸ್ತ್ರದ ಅಧ್ಯಾಪಕರು ತರ್ಕದ ಬಗ್ಗೆ ಹೇಳಿದ ಮಾತಿಗೆ ಇದೂ ಒಂದು ಉದಾಹರಣೆ.

ಕಲಬುರಗಿಯ ಐಸಿಯು ಶುಶ್ರೂಷಕ:

ಔಷಧಗಳ ಬಗ್ಗೆ ಇಷ್ಟು ಮಾತಾಯಿತು. ಉರಿಯೂತದಿಂದ ನೊಂದ ಶ್ವಾಸಕೋಶವನ್ನು ನಾವು ನೋಡಿಕೊಳ್ಳುವ ರೀತಿಯೇ ಆ ಉರಿಯೂತವನ್ನು ಹೆಚ್ಚಿಸಬಲ್ಲದು ಎಂಬುದನ್ನೂ ಓದುಗರು ತಿಳಿಯಬೇಕು. ಕೆಲವು ಗೂಡುಗಳು ಮುಚ್ಚಿಹೋಗಿರುವುದರಿಂದ ವೆಂಟಿಲೇಟರ್ ತಳ್ಳುವ ಗಾಳಿಯೆಲ್ಲ ತೆರೆದಿರುವ ಕೆಲವೇ ಗೂಡುಗಳಿಗೆ ನುಗ್ಗಿ ಅವುಗಳನ್ನು ಹಿಗ್ಗಿಸುತ್ತದೆ, ಹಿಗ್ಗಿದ ಕೋಶಗಳು ಮತ್ತಷ್ಟು ಸೈಟೋಕೈನ್ ಸ್ರವಿಸುತ್ತವೆ. 2000ದಲ್ಲಿ ಪ್ರಕಟವಾದ, 861 ರೋಗಿಗಳ ಪ್ರಯೋಗದಲ್ಲಿ ಒಂದೊಂದು ಉಸಿರಿನ ಗಾಳಿಯನ್ನು, ಎತ್ತರಕ್ಕೆ ತಕ್ಕ ತೂಕದ ಪ್ರತಿ ಕಿಲೋಗ್ರಾಂಗೆ 12 ಮಿಲಿಲೀಟರ್ ಬದಲು 6 ಮಿಲಿಲೀಟರ್‌ಗೆ ಇಳಿಸಿದ್ದರಿಂದ ಸಾವು ಶೇಕಡಾ 39.8ರಿಂದ 31.0ಕ್ಕೆ ಇಳಿಯಿತು, ರಕ್ತದಲ್ಲಿನ ಇಂಟರ್‌ಲ್ಯೂಕಿನ್-6 ಕೂಡ ಇಳಿಯಿತು. ದಿನಕ್ಕೆ ಹದಿನಾರು ಗಂಟೆಗಳಾದರೂ ರೋಗಿಯನ್ನು ಕವುಚಿ ಮಲಗಿಸಿದ 2013ರ ಪ್ರಯೋಗದಲ್ಲಿ ಸಾವು 32.8ರಿಂದ 16ಕ್ಕೆ ಇಳಿದದ್ದು ಯಾವ ಔಷಧವೂ ಸಾಧಿಸದ ಫಲ. ನಾಲ್ಕೈದು ಜನ ಸೇರಿ, ಒಂದು ಕೊಳವೆಯೂ ಜಾರದಂತೆ, ಒಬ್ಬ ರೋಗಿಯನ್ನು ಮಗ್ಗುಲು ತಿರುಗಿಸುವ ಆ ಕೆಲಸಕ್ಕೆ ಸಾಕಷ್ಟು ಕೈಗಳು ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲೂ ಇರಬೇಕೆಂಬುದು ನನ್ನ ಹಂಬಲ.

ಹಾಸನದ ಜೀವಶಾಸ್ತ್ರ ಉಪನ್ಯಾಸಕಿ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಸಂಶೋಧಕಿಯವರ ತಕರಾರಿನ ತಿರುಳನ್ನು ಪಾಠದಲ್ಲಿ ಸೇರಿಸುತ್ತೇನೆ. ಅವರಿಗೊಂದು ಪ್ರಶ್ನೆ: ಬಾವಲಿಗಳು ಇಂಥ ಎಷ್ಟೋ ವೈರಾಣುಗಳನ್ನು ಹೊತ್ತುಕೊಂಡೂ ನರಳುವುದಿಲ್ಲವಲ್ಲ, ಅವು ಹೇಗೆ ನಿಭಾಯಿಸುತ್ತವೆ?

ಪುಣೆಯಲ್ಲಿರುವ ವೈರಾಣು ಸಂಶೋಧಕಿ:

ಬಾವಲಿಗಳ ಕೆಲವು ಪ್ರಭೇದಗಳಲ್ಲಿ ಇಂಟರ್‌ಫೆರಾನ್ ವ್ಯವಸ್ಥೆ ಸದಾ ಸನ್ನದ್ಧವಾಗಿರುತ್ತದೆ, ಉರಿಯೂತವನ್ನು ಹೊತ್ತಿಸುವ ಸಂವೇದಕಗಳು ಮಾತ್ರ ಮಂದವಾಗಿರುತ್ತವೆ. ಸಿಂಗಪುರದಲ್ಲಿ ಲಿನ್‌ಫಾ ವಾಂಗ್ ಅವರ ತಂಡ 2019ರಲ್ಲಿ ಎನ್‌ಎಲ್‌ಆರ್‌ಪಿ-3 ಎಂಬ ಅಂಥದೊಂದು ಸಂವೇದಕ ಬಾವಲಿಗಳಲ್ಲಿ ಕುಗ್ಗಿರುವುದನ್ನು ತೋರಿಸಿತು. ವೈರಾಣು ಮೈಯಲ್ಲಿದ್ದರೂ ಅಂಗಾಂಗ ಕೆಡುವುದಿಲ್ಲ. ಹಾರಾಟದಲ್ಲಿ ಉಂಟಾಗುವ ಅಪಾರ ಚಯಾಪಚಯದ ಒತ್ತಡವನ್ನು ತಾಳಿಕೊಳ್ಳಲು ಈ ಗುಣ ವಿಕಾಸವಾಗಿರಬಹುದೆಂಬ ಊಹೆಯಿದೆ. ನಿಮ್ಮ ವಿದ್ಯಾರ್ಥಿಗಳಿಗೆ ಇದು ಖಂಡಿತ ಹಿಡಿಸುತ್ತದೆ.

ದಾವಣಗೆರೆಯ ಓದುಗ:

ಕೊನೆಯದಾಗಿ ಒಂದನ್ನು ಕೇಳುತ್ತೇನೆ. ದೊಡ್ಡಪ್ಪನವರ ಸಿಟಿ ಸ್ಕ್ಯಾನ್ ಈಗ ಬಹುತೇಕ ಸ್ವಚ್ಛವಾಗಿದೆ ಎನ್ನುತ್ತಾರೆ. ಆದರೂ ಮಹಡಿ ಹತ್ತಿದರೆ ಏದುಸಿರು ಬರುತ್ತದೆ, ಸೊಂಟದ ಬಳಿ ನೋವು ಎನ್ನುತ್ತಾರೆ. ಶ್ವಾಸಕೋಶ ಇನ್ನೂ ಕೆಟ್ಟೇ ಇದೆಯೇ?

ಮಂಗಳೂರಿನ ಶ್ವಾಸಕೋಶ ತಜ್ಞ:

ಕೆಲವರಲ್ಲಿ ಗಾಯದ ನಾರು ಉಳಿದು ಶ್ವಾಸಕೋಶ ಬಿಗಿಯಾಗಿಯೇ ಇರುತ್ತದೆ. ಆದರೆ ಎರಡನೆಯ ಬಗೆಯ ಕೋಶಗಳು ಉಳಿದುಕೊಂಡಿದ್ದರೆ ತಿಂಗಳುಗಳಲ್ಲಿ ಗೂಡುಗಳು ದುರಸ್ತಿಯಾಗುವುದೇ ಹೆಚ್ಚು. ಟೊರಾಂಟೊದಲ್ಲಿ ಎಆರ್‌ಡಿಎಸ್‌ನಿಂದ ಬದುಕುಳಿದ 109 ಜನರನ್ನು ಐದು ವರ್ಷ ಹಿಂಬಾಲಿಸಿದಾಗ ಅವರ ಶ್ವಾಸಕೋಶದ ಸಾಮರ್ಥ್ಯ ಸಹಜಕ್ಕೆ ಹತ್ತಿರ ಬಂದಿತ್ತು, ಆದರೆ ಆರು ನಿಮಿಷಗಳಲ್ಲಿ ಅವರು ನಡೆಯಬಲ್ಲ ದೂರ ನಿರೀಕ್ಷಿತ ದೂರದ ಶೇಕಡಾ 76ರಷ್ಟೇ ಇತ್ತು. ಐಸಿಯುನಲ್ಲಿ ಕರಗಿದ ಸ್ನಾಯುಗಳ ಪಾಲು ಅದರಲ್ಲಿ ದೊಡ್ಡದು. ಅವರಿಗೆ ದಿನವೂ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ ನಡೆಯುವ, ಉಸಿರಾಟದ ವ್ಯಾಯಾಮಗಳನ್ನು ಮಾಡುವ ಕ್ರಮವನ್ನು ಫಿಸಿಯೋಥೆರಪಿ ತಜ್ಞರಿಂದ ಹಾಕಿಸಿಕೊಡಿ.

ಸೊಂಟದ ನೋವನ್ನು ಮಾತ್ರ ಕಡೆಗಣಿಸಬೇಡಿ. 2003ರಲ್ಲಿ ಬೀಜಿಂಗ್‌ನಲ್ಲಿ ಸಾರ್ಸ್ ತಗುಲಿದ ಆಸ್ಪತ್ರೆ ಸಿಬ್ಬಂದಿಯನ್ನು ಹದಿನೈದು ವರ್ಷ ಗಮನಿಸಿದಾಗ, ಶ್ವಾಸಕೋಶದ ಕಲೆಗಳು ಮೊದಲ ವರ್ಷದಲ್ಲೇ ಬಹುಮಟ್ಟಿಗೆ ಕುಗ್ಗಿ ನಿಂತಿದ್ದವು, ಆದರೆ ಭಾರಿ ಪ್ರಮಾಣದ ಸ್ಟೀರಾಯ್ಡ್ ಪಡೆದ ಹಲವರ ತೊಡೆಮೂಳೆಯ ತಲೆಭಾಗ ರಕ್ತಪೂರೈಕೆ ಕಡಿಮೆಯಾಗಿ ಸವೆದಿತ್ತು. ಆರಂಭದ ಹಂತ ಸಾಧಾರಣ ಎಕ್ಸ್‌ರೇಯಲ್ಲಿ ಕಾಣದೇ ಹೋಗಬಹುದು. ಮೂಳೆ ತಜ್ಞರನ್ನು ಕಂಡು, ಯಾವ ಸ್ಟೀರಾಯ್ಡನ್ನು ಎಷ್ಟು ದಿನ ತೆಗೆದುಕೊಂಡಿದ್ದರು ಎಂಬುದನ್ನು ಡಿಸ್ಚಾರ್ಜ್ ಪತ್ರದ ಜೊತೆಗೆ, ಮನೆಯಲ್ಲಿ ತೆಗೆದುಕೊಂಡ ಮಾತ್ರೆಗಳನ್ನೂ ಸೇರಿಸಿ ತಿಳಿಸಿ, ಎಂಆರ್‌ಐ ಬೇಕೇ ಎಂದು ಕೇಳಿ.